ಸಾಯಲೊಲ್ಲದ ಕ್ಯಾಪ್ಟನ್

ಸತ್ತ ಮೇಲೆ ಮಣ್ಣು ಮಾಡುವುದು ಲೋಕದ ರೂಢಿ. ಧಾರಾವಾಹಿಯವರಿಗೆ ಆ ಕಟ್ಟುಪಾಡಿಲ್ಲ. ಯಾವ ಸೆಟ್ಟು ಯಾವತ್ತು ಖಾಲಿ ಸಿಗುತ್ತದೋ ಅದಕ್ಕೆ ತಕ್ಕಂತೆ ಅಲ್ಲಿ ಜನ ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಸಾಯುತ್ತಾರೆ. ಹಾಗಾಗಿ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ನನ ಅಂತ್ಯಕ್ರಿಯೆ ಸೋಮವಾರವೇ ನಡೆದುಹೋಯಿತು. ಅವನ ಸಾವಿಗೆ ಗುರುವಾರ ಗೊತ್ತುಮಾಡಿದ್ದರು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ವಿಚಿತ್ರವೆನಿಸಬೇಕಾದವನು ಒಬ್ಬನೇ ಒಬ್ಬ ಇದ್ದ, ಅವನಿಗೆ ಮಾತ್ರ ಯಾರೂ ವಿಷಯ ಹೇಳಿರಲಿಲ್ಲ.

ಹೇಳಬೇಕಾದವಳು ನಿರ್ದೇಶಕಿ. ಅವಳಾದರೂ ಯಾವ ಬಾಯಲ್ಲಿ ಹೇಳಿಯಾಳು? ಕ್ಯಾಪ್ಟನ್ ಪಾತ್ರ ಮಾಡುತ್ತಿದ್ದವನು ಅವಳ ಸೋದರಮಾವ. ಅಮ್ಮನ ಒಡಹುಟ್ಟಿದ ತಮ್ಮ. ಮದುವೆಯ ಗೋಜಿಗೇ ಹೋಗದೆ ಅವರ ಮನೆಯ ಮಹಡಿ ಕೋಣೆಯಲ್ಲಿ ಬಿಡಾರ ಹೂಡಿದ್ದ ಮನುಷ್ಯ. ಬೆಳಿಗ್ಗೆ ಎದ್ದರೆ ಅವನ ಮುಖ, ಊಟಕ್ಕೆ ಕೂತರೆ ಅವನ ಮುಖ. ಚಿಕ್ಕಂದಿನಲ್ಲಿ ಅವಳು ತಲೆಗೆ ಪಾತ್ರೆ ಕವುಚಿಕೊಂಡು ಮಂಚ ಹತ್ತಿ ಚಂದ್ರಲೋಕಕ್ಕೆ ಹೊರಟರೆ, ಮಂಚದ ಕಾಲು ಹಿಡಿದು ಗಡಗಡ ಅಲ್ಲಾಡಿಸುತ್ತಿದ್ದವನು ಇದೇ ಮಾವ. ಅವಳ ತಲೆಗೆ ಈ ಹುಳ ಬಿಟ್ಟವನೇ ಅವನು. ಈಗ ಆ ಹುಳವೇ ಅವನ ಪ್ರಾಣ ತೆಗೆಯಲು ಹೊರಟಿತ್ತು.

ಅವಳದೂ ತಪ್ಪಲ್ಲ ಬಿಡಿ. ಎಷ್ಟೋ ವರ್ಷ ಅವಳು ಒಂದು ಅತ್ತೆ-ಸೊಸೆ ಧಾರಾವಾಹಿಯಲ್ಲಿ ಸಹಾಯಕ ನಿರ್ದೇಶಕಿಯಾಗಿ ಸವೆದಿದ್ದಳು. ಸೊಸೆ ಬಾಗಿಲು ತೆರೆದರೆ ಗುಡುಗು, ಅತ್ತೆ ತಿರುಗಿ ನೋಡಿದರೆ ಗುಡುಗು, ಯಾರೂ ಏನೂ ಮಾಡದೆ ಸುಮ್ಮನೆ ನಿಂತರೆ ಇನ್ನೂ ದೊಡ್ಡ ಗುಡುಗು. ಅಂಥದ್ದರಲ್ಲಿ ಒಂದು ದಿನ ಚಾನೆಲ್ಲಿನ ಮೇಡಂ ಕರೆಸಿ, ಬಾಹ್ಯಾಕಾಶದ ಧಾರಾವಾಹಿಯಲ್ಲಿ ಎರಡು ಕಂತು ನೀವು ಮಾಡಿ ಎಂದುಬಿಟ್ಟರು. ನಿರ್ದೇಶಕಿ ಆ ಕಚೇರಿಯ ಮೆಟ್ಟಿಲನ್ನು ಇಳಿಯಲಿಲ್ಲ, ಹಾರಿದಳು. ಕೆಳಗೆ ಬಂದು ನಿಂತ ಮೇಲೆ ಮೇಡಂ ಹೇಳಿದ ಮಿಕ್ಕ ಮಾತು ನಿಧಾನಕ್ಕೆ ತಲೆಗೆ ಹೋಯಿತು.

"ಕ್ಯಾಪ್ಟನ್ ಸಾಯ್ಬೇಕು. ಅವರಿಗೆ ವಯಸ್ಸಾಯ್ತು, ಹೊಸ ಕ್ಯಾಪ್ಟನ್ ತರ್ತಿದ್ದೀವಿ. ಆದ್ರೆ ಒಂದು ಮಾತು. ಹೆಣ ಕಾಣ್ಬೇಕು. ಇಂಥ ಕಥೇಲಿ ಸತ್ತವರು ಹೇಗ್ಹೇಗೋ ನುಸುಳ್ಕೊಂಡು ವಾಪಸ್ ಬರ್ತಾರೆ, ನಂಗೆ ಸಾಕಾಗಿದೆ. ಬೆರಳು ಕೂಡ ಅಲ್ಲಾಡಬಾರ್ದು. ಇದನ್ನ ಸರಿಯಾಗಿ ಮಾಡಿದ್ರೆ ಮುಂದಿನ ಕಂತೆಲ್ಲಾ ನಿಮ್ಮದೇ. ಆಗ್ಲಿಲ್ವಾ, ನಿಮ್ಮ ಅತ್ತೆ-ಸೊಸೆ ಇದ್ದೇ ಇದಾರೆ."

ಮನೆಯಲ್ಲಿ ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದವರು ಹಾಗೇ ನಿಂತರು.

"ನನ್ನ ತಮ್ಮನ್ನ ನೀನೇ ಸಾಯಿಸ್ಬೇಕಿತ್ತೇನೇ? ಬೇರೆ ಯಾರಾದ್ರೂ ಸಾಯಿಸಿದ್ರೆ ನಂಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ."

"ಅಮ್ಮಾ, ಮೆಲ್ಲಗೆ! ಮೇಲೆ ಇದಾನೆ."

"ನೀನೇ ಹೇಳ್ಬಿಡು ಅವನಿಗೆ. ಯಾರ್ಯಾರದೋ ಬಾಯಿಂದ ಗೊತ್ತಾಗೋದಕ್ಕಿಂತ."

ಹೇಳುತ್ತೇನೆ ಎಂದಳು. ಹೇಳಲಿಲ್ಲ. ಬೆಳಿಗ್ಗೆ ಹೇಳೋಣವೆಂದರೆ ಮಾವ ಸ್ನಾನದ ಮನೆಯಲ್ಲಿ ಹಾಡುತ್ತಿರುತ್ತಿದ್ದ, ಹಾಡುವವನಿಗೆ ಸಾವಿನ ಸುದ್ದಿ ಹೇಳುವುದು ಹೇಗೆ? ಸಂಜೆ ಹೇಳೋಣವೆಂದರೆ ಕನ್ನಡಿ ಮುಂದೆ ನಿಂತು ಕ್ಯಾಪ್ಟನ್ ಹುಬ್ಬು ಹೇಗೆ ಏರಿಸಬೇಕು ಎಂದು ಅಭ್ಯಾಸ ಮಾಡುತ್ತಿರುತ್ತಿದ್ದ. ಹೀಗೆ ನಾಳೆ ನಾಳೆ ಎಂದು ತಳ್ಳುತ್ತ ಬಂದು ಸೋಮವಾರ ಮುಟ್ಟಿತು. ಹೇಡಿತನಕ್ಕೆ ಅವಳ ಬಳಿ ಇದ್ದಷ್ಟು ನೆಪಗಳು ಆ ಧಾರಾವಾಹಿಯ ಕಥೆ ಬರೆಯುವವನ ಬಳಿಯೂ ಇರಲಿಲ್ಲ.

ನೌಕೆಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಸರಕು ತುಂಬುವ ಹಳೆಯ ಗೋದಾಮಿನೊಳಗೆ ಪ್ಲೈವುಡ್ಡಿನಲ್ಲಿ ಕಟ್ಟಿ ಬೆಳ್ಳಿ ಬಣ್ಣ ಬಳಿದ ನೌಕೆ ಅದು. ಗುಂಡಿಗಳೆಲ್ಲ ಬಾಟಲಿ ಮುಚ್ಚಳ. ಕ್ಯಾಪ್ಟನ್ನನ ಆಸನ ಯಾವುದೋ ಬಸ್ಸಿನ ಡ್ರೈವರ್ ಸೀಟು, ಅದರ ಸ್ಪ್ರಿಂಗು ಕೂತವರನ್ನೆಲ್ಲ ಚುಚ್ಚುತ್ತಿತ್ತು. ಬಾಗಿಲನ್ನು ಇಬ್ಬರು ಹಗ್ಗ ಕಟ್ಟಿ ಆಚೀಚೆ ಎಳೆಯುತ್ತಿದ್ದರು, 'ಶ್‌ಶ್‌ಶ್' ಎಂಬ ಸದ್ದನ್ನು ಆಮೇಲೆ ಸೇರಿಸುವುದು. ಆದರೆ ನಟರಿಗೆಲ್ಲ ಬಾಯಲ್ಲೇ ಆ ಸದ್ದು ಮಾಡುವ ಚಟ ಅಂಟಿಬಿಟ್ಟಿತ್ತು. ನಿರ್ದೇಶಕಿ ಮನೆಯಲ್ಲಿ ಬಟ್ಟೆ ಕಪಾಟು ತೆರೆಯುವಾಗಲೂ 'ಶ್‌ಶ್‌ಶ್' ಅನ್ನುತ್ತಿದ್ದಳು.

ಇನ್ನು ಉಲ್ಕೆ ಬಡಿಯುವ ದೃಶ್ಯ. ನೌಕೆ ಅಲ್ಲಾಡುವುದಿಲ್ಲವಲ್ಲ, ಕ್ಯಾಮೆರಾಮನ್ ಕ್ಯಾಮೆರಾವನ್ನು ತೂಗುತ್ತಾನೆ, ನಿರ್ದೇಶಕಿ 'ಎಡಕ್ಕೆ!' ಎಂದರೆ ಎಲ್ಲರೂ ಎಡಕ್ಕೆ ಬೀಳಬೇಕು, 'ಬಲಕ್ಕೆ!' ಎಂದರೆ ಬಲಕ್ಕೆ. ನೋಡುವವರಿಗೆ ನೌಕೆಯೇ ಹೊರಳಿದಂತೆ. ಕ್ಯಾಮೆರಾಮನ್ ಈ ಕೆಲಸದಲ್ಲಿ ಎಷ್ಟು ಪಳಗಿದ್ದನೆಂದರೆ ಯಾರ ಭುಜ ಸ್ವಲ್ಪ ಅಲುಗಿದರೂ ಅವನ ಕೈ ತಾನಾಗಿ ತೂಗಲು ಶುರುಮಾಡುತ್ತಿತ್ತು.

ಸೋಮವಾರ ಮಾವನಿಗೆ ಕೆಲಸವಿರಲಿಲ್ಲ. ಅದನ್ನೇ ನಂಬಿಕೊಂಡು ನಿರ್ದೇಶಕಿ ನಿಶ್ಚಿಂತೆಯಿಂದ ಇದ್ದಳು. ಆದರೆ ಕೆಲಸವಿಲ್ಲದ ದಿನ ಮನೆಯಲ್ಲಿ ಕೂರುವ ಜಾಯಮಾನ ಅವನದಲ್ಲ. ಗೋದಾಮಿಗೆ ಬಂದವನು ನೋಡುತ್ತಾನೆ, ನೆಲದ ತುಂಬ ಬೂದು ಪುಡಿ ಹರಡಿದೆ, ನಡುವೆ ಬಿಳಿ ಪೆಟ್ಟಿಗೆ ಇದೆ, ಅಪರಿಚಿತ ಗ್ರಹದ ಮೇಲೆ ಯಾರದೋ ಅಂತ್ಯಕ್ರಿಯೆ. ಎಲ್ಲರಿಗೂ ಹೆಲ್ಮೆಟ್ಟು. ಹಿಂದಿನ ಸಾಲಿನಲ್ಲಿ ನಿಲ್ಲಬೇಕಾದವನೊಬ್ಬ ಬಂದಿರಲಿಲ್ಲ, ಅವನ ಉಡುಪು ಗೂಟಕ್ಕೆ ನೇತಾಡುತ್ತಿತ್ತು. ಮಾವನಿಗೆ ಇಷ್ಟೇ ಸಾಕು. ಯಾರನ್ನೂ ಕೇಳದೆ ತೊಟ್ಟುಕೊಂಡು ಹೆಲ್ಮೆಟ್ಟು ಹಾಕಿಕೊಂಡು ಸಾಲಿಗೆ ನಿಂತೇಬಿಟ್ಟ.

ಕ್ಯಾಮೆರಾ ಓಡಿತು. ಹಿಂದಿನ ಸಾಲಿನಿಂದ ಒಂದು ಬಿಕ್ಕು ಕೇಳಿತು. ಆಮೇಲೆ ಇನ್ನೊಂದು. ಎದೆ ಬಿರಿಯುವಂಥ ಅಳು. ಯಾರಪ್ಪ ಇಷ್ಟು ಚೆನ್ನಾಗಿ ಅಳುವವನು ಎಂದು ನಿರ್ದೇಶಕಿ ಮಾನಿಟರಿಗೆ ಮುಖ ತಂದು ನೋಡಿದಳು. ಹೆಲ್ಮೆಟ್ಟಿನ ಕೆಳಗೆ ಉಬ್ಬಿದ ಹೊಟ್ಟೆ ಕಂಡಿತು. ಆ ಹೊಟ್ಟೆ ಅವಳು ಹುಟ್ಟಿದಾಗಿನಿಂದ ಕಂಡ ಹೊಟ್ಟೆ. ಕಟ್ ಎನ್ನಬೇಕು, ಆದರೆ ಶಾಟ್ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದರೆ ನಾಲಿಗೆ ಏಳಲಿಲ್ಲ.

ನೌಕೆಯ ಡಾಕ್ಟರ್ ಪಾತ್ರದ ನಟಿ ಮುಂದೆ ಬಂದು ಗಂಭೀರವಾಗಿ ಮಾತು ಶುರುಮಾಡಿದಳು. "ಇಲ್ಲಿ ಮಲಗಿರುವವರು ನಮಗೆ ಬರೀ ಹಿರಿಯರಲ್ಲ. ತಂದೆಯಂತೆ ಇದ್ದವರು." ಹಿಂದಿನ ಹೆಲ್ಮೆಟ್ಟು ಹೌದು ಹೌದು ಎಂದು ತಲೆಯಾಡಿಸಿ ಇನ್ನೂ ಜೋರಾಗಿ ಅತ್ತಿತು. "ಇನ್ನು ಮುಂದೆ ಆ ಆಸನ ಖಾಲಿ. ವಿದಾಯ, ಕ್ಯಾಪ್ಟನ್."

ಅಳು ನಿಂತಿತು. ಹೆಲ್ಮೆಟ್ಟು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಪೆಟ್ಟಿಗೆಯನ್ನು ನೋಡಿತು. ಆಮೇಲೆ ಮುಂದಿನ ಗಾಜನ್ನು ಮೆಲ್ಲಗೆ ಮೇಲಕ್ಕೆತ್ತಿತು.

"ಯಾರು?" ಎಂದ ಮಾವ. "ನಾನಾ?"

ನಿರ್ದೇಶಕಿ ಮಾನಿಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದಳು. ಕೂತರೆ ಕಾಣುವುದಿಲ್ಲ ಎಂದುಕೊಂಡಿದ್ದಳು, ಬೆನ್ನೆಲ್ಲ ಕಾಣುತ್ತಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾವ ಅವಳ ಕಡೆ ತಿರುಗಲಿಲ್ಲ. ಹುಟ್ಟಿದಾಗಿನಿಂದ ಪುಟ್ಟಿ ಎಂದು ಕರೆದವನು, "ಅಕ್ಕಾ, ಮೇಡಂ ಅವರಿಗೆ ನೀರು ಬೇಕಾ ಕೇಳು" ಎಂದ. "ಅಕ್ಕಾ, ಸತ್ತವರು ಎರಡನೇ ಸಲ ಬಡಿಸ್ಕೋಬಹುದಾ ಅಂತ ಮೇಡಂ ಅವರನ್ನ ಒಂದು ಮಾತು ಕೇಳು." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದುಹೋದರು. ನಗುವುದಕ್ಕೋ ಅಳುವುದಕ್ಕೋ ತಿಳಿಯಲಿಲ್ಲ. ಏಳುವ ಮುಂಚೆ ಮಾವ ಕೈ ಒರೆಸಿಕೊಳ್ಳುತ್ತ ಗೋಡೆಗೆ ಹೇಳಿದ. "ಮೊದ್ಲು ಹೂತು ಆಮೇಲೆ ಸಾಯಿಸ್ತಾರಂತೆ. ಸಾಯಿಸ್ಲಿ, ನೋಡೇಬಿಡೋಣ."

ಗುರುವಾರ ಬಂತು. ದೃಶ್ಯ ಸರಳವಾದದ್ದು. ಎಂಜಿನ್ ಕೋಣೆಯಲ್ಲಿ ವಿಷಾನಿಲ ಸೋರುತ್ತಿದೆ, ಕ್ಯಾಪ್ಟನ್ ಒಬ್ಬನೇ ನುಗ್ಗಿ ಅದನ್ನು ನಿಲ್ಲಿಸಿ ಹೊರಗೆ ತೂರಾಡುತ್ತ ಬರುತ್ತಾನೆ, ಡಾಕ್ಟರಮ್ಮನ ಮಡಿಲಲ್ಲಿ ಕುಸಿಯುತ್ತಾನೆ, 'ನೌಕೆ ಜೋಪಾನ' ಎನ್ನುತ್ತಾನೆ, ಸಾಯುತ್ತಾನೆ. ಬೆಳಿಗ್ಗೆ ಮುಗಿಸಿ ಮಧ್ಯಾಹ್ನ ಮಿಕ್ಕ ಚಿಲ್ಲರೆ ಶಾಟ್ ತೆಗೆಯುವುದೆಂದು ಲೆಕ್ಕ. ಸಂಜೆ ಬಡಗಿಗಳು ಬಂದು ನೌಕೆ ಬಿಚ್ಚುತ್ತಾರೆ, ನಾಳೆಯಿಂದ ಅದೇ ಜಾಗದಲ್ಲಿ ಅಡುಗೆ ಕಾರ್ಯಕ್ರಮ, ಹೊಸ ಕ್ಯಾಪ್ಟನ್ನನಿಗೆ ಬೇರೆ ಕಡೆ ಹೊಸ ನೌಕೆ.

ಮೊದಲ ಟೇಕಿನಲ್ಲಿ ಮಾವ 'ನೌಕೆ ಜೋಪಾನ' ಎಂದು ಸತ್ತ. ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲಿ ಕಣ್ಣು ತೆರೆದು, "ಎಂಜಿನ್ನಿಗೆ ಎಣ್ಣೆ ಹಾಕಿ" ಎಂದು ಮತ್ತೆ ಸತ್ತ.

"ಕಟ್! ಮಾವ, ಅದು ಸ್ಕ್ರಿಪ್ಟಲ್ಲಿ ಇಲ್ಲ."

"ಜವಾಬ್ದಾರಿ ಇರೋ ಕ್ಯಾಪ್ಟನ್ ಮೇಡಂ ನಾನು. ಸುಮ್ನೆ ಹೇಗೆ ಸಾಯ್ಲಿ?"

ಎರಡನೆಯದರಲ್ಲಿ ಸತ್ತ ಮೇಲೆ ಕಿರುಬೆರಳು ಅಲ್ಲಾಡಿತು. ಕೇಳಿದರೆ, ನೋಡುವವರಿಗೆ ಒಂಚೂರು ಅನುಮಾನ ಇರಲಿ ಎಂದ. ಅದರ ಮುಂದಿನದರಲ್ಲಿ ಸತ್ತ ಮುಖದಲ್ಲಿ ಏನೋ ಗುಟ್ಟು ಗೊತ್ತಿರುವವನ ನಗೆ ಅರಳಿತು. ಆಮೇಲಿನದರಲ್ಲಿ ಮಡಿಲು ಬಿಟ್ಟು ತೆವಳಿಕೊಂಡು ಹೊರಟವನು, ದೇಹಗಳನ್ನು ಮುಂದೆಂದೋ ಎಬ್ಬಿಸಲೆಂದು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿಡುವ ಪೆಟ್ಟಿಗೆಯ ತನಕ ಹೋಗಿ ಅದರ ಬಾಗಿಲು ತೆರೆದು ಒಳಗೆ ಕಾಲಿಟ್ಟು ಸತ್ತ. ಬಾಗಿಲು ತೆರೆಯುವಾಗ 'ಶ್‌ಶ್‌ಶ್' ಅನ್ನುವುದನ್ನೂ ಮರೆಯಲಿಲ್ಲ. ಜಪ್ಪಯ್ಯ ಎಂದರೂ ಆ ಮನುಷ್ಯ ಸಾಯಲೊಲ್ಲ.

ನಡುವೆ ಲೈಟು ಸರಿಪಡಿಸುವಾಗ ಮೂಲೆಯಲ್ಲಿ ಕೂತಿದ್ದ ಕಥೆ ಬರೆಯುವವನ ಬೆನ್ನು ಹತ್ತಿದ.

"ನೋಡಪ್ಪ, ಸತ್ತವನು ನಾನಲ್ಲ, ನನ್ನ ಅವಳಿ ಅಂತ ಮಾಡು."

"ಸಾರ್, ನಿಮಗೆ ಅವಳಿ ಇಲ್ವಲ್ಲ."

"ಎಲ್ರಿಗೂ ಎಲ್ಲಾ ಹೇಳ್ಕೊಂಡು ತಿರುಗಕ್ಕಾಗತ್ತಾ? ಬೇಡ್ವಾ, ಸರಿ. ಮಿದುಳು ಮಾತ್ರ ತೆಗೆದು ಒಂದು ಡಬ್ಬೀಲಿಡಿ. ನಾನು ಡಬ್ಬಿಯೊಳಗಿಂದ ಅಪ್ಪಣೆ ಕೊಡ್ತೀನಿ. ಕೂದ್ಲು ಬಾಚೋ ತಾಪತ್ರಯಾನೂ ಇಲ್ಲ."

ಕಥೆ ಬರೆಯುವವನು ಎದ್ದು ಬಂದು ನಿರ್ದೇಶಕಿಯ ಕಿವಿಯಲ್ಲಿ, "ಮೇಡಂ, ಡಬ್ಬಿದು ಚೆನ್ನಾಗಿದೆ ಮೇಡಂ" ಎಂದ. ಅವಳು ಅವನನ್ನು ನೋಡಿದ ನೋಟಕ್ಕೆ ತೆಪ್ಪಗೆ ಹೋಗಿ ಮೂಲೆಗೆ ಕೂತ.

ಮಧ್ಯಾಹ್ನ ದಾಟಿತು. ಅವಳ ಪಿತ್ತ ನೆತ್ತಿಗೇರಿತ್ತು. "ಮಾವ, ಈ ಸಲ ಏನೂ ಮಾಡ್ಬೇಡ. ಏನೇನೂ ಮಾಡ್ಬೇಡ. ಸಾಯಿ, ಅಷ್ಟೇ" ಎಂದಳು. ಮಾವ ಕೈಮುಗಿದು, "ಅಪ್ಪಣೆ ಮೇಡಂ" ಎಂದು ಹೋಗಿ ಮಲಗಿದ.

ನಿಜಕ್ಕೂ ಏನೂ ಮಾಡಲಿಲ್ಲ. ಮಾತು ಹೇಳಿದ, ಕತ್ತು ವಾಲಿಸಿದ, ಸತ್ತ. ಬೆರಳು ಅಲ್ಲಾಡಲಿಲ್ಲ, ಮುಖ ಅಲ್ಲಾಡಲಿಲ್ಲ. ಉಸಿರನ್ನು ಮಾತ್ರ ಬಿಗಿಹಿಡಿದಿದ್ದ. ಎಷ್ಟು ಹೊತ್ತು ಹಿಡಿದಾನು? ಹೊಟ್ಟೆ ಮೆಲ್ಲಗೆ ಮೇಲೇರಿತು. ಏರಿ, ಏರಿ, ಅಲ್ಲೇ ನಿಂತು ನಡುಗಿ, ಕೊನೆಗೆ ಪುಸ್ ಎಂದು ಇಳಿಯಿತು. ಡಾಕ್ಟರ್ ನಟಿ ಅಳುವ ಮುಖ ಮಾಡಿಕೊಂಡು ಅದನ್ನೇ ನೋಡುತ್ತಿದ್ದಳು. ತುಟಿ ಕಚ್ಚಿದಳು. ಕೆನ್ನೆ ಒಳಗೆಳೆದುಕೊಂಡಳು. ಆಗದೆ ಅವಳ ಭುಜ ಕುಲುಕತೊಡಗಿತು. ಕುಲುಕುವ ಭುಜ ಕಂಡದ್ದೇ ತಡ, ಕ್ಯಾಮೆರಾಮನ್ನನ ಕೈ ತೂಗಲು ಶುರುವಾಯಿತು. ಕ್ಯಾಮೆರಾ ತೂಗುವುದನ್ನು ಕಂಡ ನೌಕೆಯ ಸಿಬ್ಬಂದಿ ಪಾತ್ರದವರು ಉಲ್ಕೆ ಬಡಿಯಿತೆಂದೇ ತಿಳಿದು ದಡಬಡ ಎಡಕ್ಕೆ ಬಿದ್ದರು. ಬಾಗಿಲಿನವರು ಗಾಬರಿಯಲ್ಲಿ ಹಗ್ಗ ಎಳೆದರು. ಸತ್ತ ಕ್ಯಾಪ್ಟನ್ ಕಣ್ಣು ಬಿಟ್ಟು, "ಏ, ಯಾರು ಹೊಡೆದದ್ದು ನಮ್ಮನ್ನ?" ಎಂದು ಎದ್ದು ಕೂತ.

ಆಮೇಲಿನದನ್ನು ಯಾರಿಂದಲೂ ತಡೆಯಲಾಗಲಿಲ್ಲ. ಡಾಕ್ಟರ್ ನಟಿ ನೆಲದ ಮೇಲೆ ಹೊರಳಿದಳು. ಕ್ಯಾಮೆರಾಮನ್ ಕ್ಯಾಮೆರಾವನ್ನೇ ತಬ್ಬಿಕೊಂಡು ಕುಲುಕಿದ. ಕಥೆ ಬರೆಯುವವನು ಮೂಲೆಯಲ್ಲಿ ಗೋಡೆಗೆ ಹಣೆ ಚಚ್ಚಿಕೊಂಡ. ಒಬ್ಬ ನಿಲ್ಲಿಸಿದರೆ ಇನ್ನೊಬ್ಬನ ಮುಖ ನೋಡಿ ಮತ್ತೆ ಶುರು. ನಿರ್ದೇಶಕಿ ಗದರಿಸಲೆಂದು ಬಾಯಿ ತೆರೆದಳು, ಬಂದದ್ದು ಗೊರಕೆಯಂಥ ಒಂದು ಸದ್ದು. ಅದನ್ನು ಕೇಳಿ ಮಾವನಿಗೂ ನಗು ಒತ್ತರಿಸಿ ಬಂತು. ಮಾವ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಹರಿಸುತ್ತ, ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸುತ್ತ ನಕ್ಕರು. ಸೋಮವಾರದಿಂದ ಅವಳು ಅವನ ಮುಖವನ್ನು ನೆಟ್ಟಗೆ ನೋಡಿದ್ದು ಆಗಲೇ.

ಆ ನಗುವಿನ ನಡುವೆ ಠಕ್ ಠಕ್ ಎಂದು ಸುತ್ತಿಗೆಯ ಸದ್ದು ಕೇಳಿತು. ಬಡಗಿಗಳು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ನೌಕೆಯ ಬಾಲದ ಕಡೆಯಿಂದ ಬಿಚ್ಚಲು ತೊಡಗಿದ್ದರು. ಅದೇ ಹೊತ್ತಿಗೆ ನಿರ್ದೇಶಕಿಯ ಫೋನು ಕೂಗಿತು. ಚಾನೆಲ್ ಮೇಡಂ.

"ಹೆಣ ಬಿತ್ತಾ?"

"ಬೀಳ್ತಾ ಇದೆ ಮೇಡಂ."

"ಇನ್ನೂ? ಇವತ್ತು ಸಂಜೆ ಒಳಗೆ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನೀವು ಬರೋದು ಬೇಡ. ಬೇರೆಯವರು ಸಾಯಿಸ್ತಾರೆ."

ನಗು ಎಲ್ಲಿತ್ತೋ ಅಲ್ಲೇ ಒಣಗಿತು. ಅವಳು ಫೋನು ಕೆಳಗಿಟ್ಟು, ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಮಾವನ ಕೈ ಹಿಡಿದು ದರದರ ಎಳೆದುಕೊಂಡು ಮೇಕಪ್ ಕೋಣೆಗೆ ಹೋದಳು. ಕೋಣೆಯೆಂದರೆ ಏನು, ಎರಡು ಪರದೆ, ಬಲ್ಬು ಹಾಕಿದ ಕನ್ನಡಿ, ಒಂದು ಸ್ಟೂಲು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ತಾನು ಎದುರಿಗೆ ನಿಂತಳು.

"ಮಾವ, ನಿಂಗೆ ಹೇಳೋ ಧೈರ್ಯ ಇರ್ಲಿಲ್ಲ ನಂಗೆ. ಅದು ತಪ್ಪು. ಬೇಕಾದ್ರೆ ಜುಟ್ಟು ಹಿಡಿದು ಎರಡು ಬಾರಿಸು."

ಮಾವ ಕನ್ನಡಿ ನೋಡುತ್ತ ಕೂತ.

"ನೀನು ಹೋಗೋದು ನಂಗೆ ಇಷ್ಟ ಅಂದ್ಕೊಂಡಿದ್ಯಾ? ಆದ್ರೆ ನಂಗೆ ಈ ಕೆಲಸ ಬೇಕು ಮಾವ. ತುಂಬಾ ಬೇಕು. ಇವತ್ತು ಆಗ್ಲಿಲ್ಲ ಅಂದ್ರೆ ಮುಂದಿನ ಕಂತೆಲ್ಲಾ ಬೇರೆಯವರಿಗೆ. ಮತ್ತೆ ಆ ಗುಡುಗಿನ ಹತ್ರ ಹೋಗಕ್ಕೆ ನನ್ನ ಕೈಲಾಗಲ್ಲ. ಈ ಹಾಳು ಪ್ಲೈವುಡ್ ನೋಡಿದ್ರೆ ನಂಗೆ ಕುಣೀಬೇಕು ಅನ್ಸತ್ತೆ. ನಿಂಗೂ ಹಾಗೇ ಅನ್ಸತ್ತೆ ಅಂತ ನಂಗೆ ಗೊತ್ತು. ಅದೇ ಕಷ್ಟ ಆಗಿರೋದು."

ಹೊರಗೆ ಸುತ್ತಿಗೆ ಬೀಳುತ್ತಲೇ ಇತ್ತು. ಮಾವ ಹಣೆಯ ಮೇಲೆ ಬಳಿದಿದ್ದ ಮಸಿಯನ್ನು ಬೆರಳಿನಲ್ಲಿ ಮುಟ್ಟಿಕೊಂಡ. ಅವನು ಬಾಯಿಬಿಟ್ಟಾಗ ದನಿಯಲ್ಲಿ ತಮಾಷೆ ಇರಲಿಲ್ಲ.

"ಸಾಯೋದು ಕಷ್ಟ ಅಲ್ಲ ಪುಟ್ಟಿ. ನಾಟಕದಲ್ಲಿ, ಧಾರಾವಾಹೀಲಿ ಎಷ್ಟು ಸಲ ಸತ್ತಿಲ್ಲ ನಾನು. ಆಗೆಲ್ಲಾ ಸತ್ತು ಎದ್ದು ಬಟ್ಟೆ ಬದಲಾಯಿಸ್ಕೊಂಡು ಇನ್ನೊಂದು ಕಡೆ ಓಡ್ತಿದ್ದೆ. ಈಗ ಹಾಗಲ್ಲ. ಇವತ್ತು ಇಲ್ಲಿ ಸತ್ತು, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಹೇಳು? ಅದು ತಿಳೀದೆ ಎಳೆದಾಡ್ತಾ ಇದೀನಿ ಅಷ್ಟೇ."

ಏನಾದರೂ ಸಮಾಧಾನದ ಮಾತು ಹೊಸೆಯಬಹುದಿತ್ತು, ಹೊಸೆಯಲು ಮನಸ್ಸು ಬರಲಿಲ್ಲ. ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಅವನ ಮೊಣಕಾಲಿಗೆ ತಲೆಯಿಟ್ಟಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಆ ತಲೆಯನ್ನೇ ಆಸರೆ ಮಾಡಿಕೊಂಡು ಎದ್ದು ನಿಂತ.

"ನಡಿ. ಸತ್ತು ತೋರಿಸ್ತೀನಿ. ಮಿಕ್ಕ ಕಂತೆಲ್ಲಾ ನೀನೇ ಮಾಡ್ಬೇಕು, ಆ ಮೇಡಂ ಇನ್ಯಾರನ್ನೂ ಕರೆಸೋ ಹಾಗಾಗ್ಬಾರ್ದು."

ಬಡಗಿಗಳ ಮುಖ್ಯಸ್ಥನಿಗೆ ದಮ್ಮಯ್ಯ ಎಂದು ಸುತ್ತಿಗೆ ನಿಲ್ಲಿಸಿದ್ದಾಯಿತು. ನೌಕೆಯ ಹಿಂಭಾಗ ಆಗಲೇ ಬಿಚ್ಚಿಹೋಗಿತ್ತು, ಆ ಕಡೆ ಕ್ಯಾಮೆರಾ ತಿರುಗದಂತೆ ನೋಡಿಕೊಳ್ಳಬೇಕಿತ್ತು. ಡಾಕ್ಟರ್ ನಟಿ ಮುಖಕ್ಕೆ ತಣ್ಣೀರು ಹಾಕಿಕೊಂಡು ಬಂದು ಕೂತಳು, ಮಾವನ ಹೊಟ್ಟೆ ಕಾಣದಂತೆ ಅದರ ಮೇಲೊಂದು ಹೊದಿಕೆ ಹಾಕಿದಳು. ಕ್ಯಾಮೆರಾ ಓಡಿತು.

ಮಾವ ಎಂಜಿನ್ ಕೋಣೆಯಿಂದ ಬಂದ. ತೂರಾಡಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ದಿನವಿಡೀ ದುಡಿದು ಮನೆಗೆ ಬಂದವನಂತೆ ಬಂದು ನಿಧಾನಕ್ಕೆ ಕೂತು ಒರಗಿದ. ಬಾಟಲಿ ಮುಚ್ಚಳದ ಗುಂಡಿಗಳನ್ನು ಒಂದು ಸಲ ನೋಡಿದ, ಎಲ್ಲರ ಮುಖವನ್ನೂ ಒಂದು ಸಲ ನೋಡಿದ. "ನೌಕೆ ಜೋಪಾನ" ಎಂದ. ಮಾತು ಮುಗಿದದ್ದಾಗಲಿ, ಉಸಿರು ನಿಂತದ್ದಾಗಲಿ ಯಾರಿಗೂ ತಿಳಿಯಲೇ ಇಲ್ಲ.

ಬಾಗಿಲಿನವರು ಹಗ್ಗ ಹಿಡಿದು ಹಾಗೇ ನಿಂತರು. ಬಡಗಿಗಳಲ್ಲಿ ಒಬ್ಬ ಮೂಗು ಸೀಟಿಕೊಂಡ. ಡಾಕ್ಟರ್ ನಟಿಯ ಭುಜ ಮತ್ತೆ ಕುಲುಕಿತು, ಈ ಸಲ ಅವಳು ನಿಜವಾಗಿಯೇ ಅಳುತ್ತಿದ್ದಳು, ಕ್ಯಾಮೆರಾಮನ್ನನ ಕೈ ಕಲ್ಲಿನಂತೆ ನಿಂತಿತ್ತು. ನಿರ್ದೇಶಕಿಗೆ ಗೊತ್ತು, ಇದೇ ಆ ಟೇಕು. ಇನ್ನು ಒಂದು ಮಾತು ಹೇಳಿದರೆ ಅವಳ ಕೆಲಸ ಉಳಿಯುತ್ತದೆ, ಅವನದು ಮುಗಿಯುತ್ತದೆ. ಆ ಒಂದು ಮಾತು ಬಾಯಿಂದ ಹೊರಡಲೊಲ್ಲದು.

ಹೊತ್ತು ಹೋಯಿತು. ಹೆಣ ತುಟಿಯಂಚಿನಲ್ಲಿ ಪಿಸುಗುಟ್ಟಿತು. "ಕಟ್ ಹೇಳೇ ತಾಯಿ. ಬೆನ್ನು ಹಿಡ್ಕೊಂಡಿದೆ."

"ಕಟ್" ಎಂದಳು. ಗೋದಾಮು ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಕ್ಯಾಮೆರಾಮನ್ ಶಾಟನ್ನು ಹಿಂದಕ್ಕೆ ಓಡಿಸಿ ನೋಡಿದ, ಪಿಸುಮಾತಿಗಿಂತ ಮುಂಚೆ ಬೇಕಾದಷ್ಟು ಉದ್ದ ಸಿಕ್ಕಿದೆ, ಹೆಣ ಹೆಣವಾಗಿಯೇ ಇದೆ ಎಂದ. ಕಥೆ ಬರೆಯುವವನು ಓಡಿಬಂದು ಮಾವನ ಕಾಲು ಹಿಡಿಯಹೋಗಿ ಹೊದಿಕೆಗೆ ಎಡವಿ ಬಿದ್ದ. ಚಾನೆಲ್ ಮೇಡಂಗೆ ಸುದ್ದಿ ಹೋಯಿತು. "ಗುಡ್" ಎಂದು ಒಂದೇ ಮಾತು ಬಂತು, ಅದರ ಹಿಂದೆಯೇ "ಮುಂದಿನ ಕಂತು ಸೋಮವಾರದಿಂದ" ಎಂದೂ ಬಂತು.

ಮಾವ ಎದ್ದು ಮೈಕೊಡವಿಕೊಂಡು ಉಡುಪಿನ ಗುಂಡಿ ಬಿಚ್ಚಲು ಶುರುಮಾಡಿದ. ಮೊದಲನೆಯ ಗುಂಡಿ ಬಿಚ್ಚಿದ್ದನ್ನು ನಿರ್ದೇಶಕಿ ನೋಡಿದಳು. ಎರಡನೆಯದನ್ನು ನೋಡಲು ಅವಳಿಂದ ಆಗಲಿಲ್ಲ. ಬಡಗಿಗಳ ಮುಖ್ಯಸ್ಥನ ಕಡೆ ತಿರುಗಿದಳು.

"ಅಣ್ಣಾ, ಇನ್ನೆಷ್ಟು ಹೊತ್ತು ಕೊಡ್ತೀರಾ?"

ಅವನು ಸುತ್ತಿಗೆಯನ್ನು ನೋಡಿದ, ಮಾವನನ್ನು ನೋಡಿದ. "ಒಂದು ಟೀ ಕುಡಿಯೋಷ್ಟು."

"ಹಾಗಾದ್ರೆ ಎಲ್ರೂ ಜಾಗಕ್ಕೆ ಹೋಗಿ. ಇನ್ನೊಂದು ಟೇಕ್!"

ಮಾವ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ತಿರುಗಿದ. "ಯಾಕೆ? ಚೆನ್ನಾಗಿರ್ಲಿಲ್ವಾ?"

"ತುಂಬಾ ಚೆನ್ನಾಗಿತ್ತು. ಅದನ್ನ ಅವರಿಗೆ ಕೊಡೋಣ. ಇದು ನಮಗೆ." ಅವಳು ಬಸ್ಸಿನ ಸೀಟಿನ ಕಡೆ ಕೈ ತೋರಿಸಿದಳು. "ಮಾವ, ಈ ಸಲ ಸಾಯ್ಬೇಡ."

ಮಾವ ಅವಳನ್ನೇ ನೋಡಿದ. ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡು, ಹೊದಿಕೆ ಒದ್ದು, ಬಸ್ಸಿನ ಸೀಟಿಗೆ ಹೋಗಿ ಜೋರಾಗಿ ಕೂತ. ಸ್ಪ್ರಿಂಗು ಚುಚ್ಚಿದ್ದಕ್ಕೆ ಮುಖ ಕೂಡ ಸಿಂಡರಿಸಲಿಲ್ಲ. ಎಲ್ಲರೂ ಹೋ ಎಂದು ಕೂಗುತ್ತ ತಂತಮ್ಮ ಜಾಗಕ್ಕೆ ಓಡಿದರು, ಬಡಗಿಗಳೂ ಟೀ ಲೋಟ ಹಿಡಿದುಕೊಂಡೇ ನೌಕೆಯೊಳಗೆ ನುಗ್ಗಿ ಸಿಕ್ಕ ಸಿಕ್ಕ ಗುಂಡಿ ಒತ್ತತೊಡಗಿದರು. ಕ್ಯಾಮೆರಾ ಓಡಿತು. ಬಿಚ್ಚಿದ ಹಿಂಭಾಗ ಕಾಣುತ್ತಿತ್ತು, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಡಾಕ್ಟರ್ ನಟಿ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತು ಕೇಳಿದಳು. "ಎಂಜಿನ್ ತಯಾರಿದೆ. ಎಲ್ಲಿಗೆ ಕ್ಯಾಪ್ಟನ್?"

ಮಾವ ಮುಂದಿನ ಕಿಟಕಿಯನ್ನು ನೋಡಿದ. ಅದರಾಚೆ ಕಪ್ಪು ಬಟ್ಟೆ, ಬಟ್ಟೆಗೆ ತೂತು ಮಾಡಿ ಇಟ್ಟ ಪುಟ್ಟ ದೀಪಗಳು. ಒಂದು ಹುಬ್ಬು ಮೇಲೇರಿತು.

"ಮೊದ್ಲು ಹೊರಡಿ" ಎಂದ. "ದಾರೀಲಿ ಹೇಳ್ತೀನಿ."